ಕೆರೆದುಕೊಂಡವನೇ ಕಳ್ಳ

ಕ್ಷೌರಿಕನ ಅಂಗಡಿಯ ಮುಂದಿನ ಗುಲಾಬಿ ಗಿಡ ದಿನಾ ಹೂ ಬಿಡುತ್ತಿತ್ತು; ದಿನಾ ಬೆಳಗಾಗುವುದರೊಳಗೆ ಬರಿದಾಗುತ್ತಿತ್ತು. ಊರಿನ ತಲೆ ಬೋಳಿಸುವವನ ಗಿಡವನ್ನೇ ಯಾರೋ ಬೋಳಿಸುತ್ತಾರೆಂದು ಬೀದಿಯವರಿಗೆಲ್ಲ ನಗು. ನಗದವಳು ಹೆಂಡತಿ ಒಬ್ಬಳೇ. ಅವಳ ಪ್ರಕಾರ ಹೂ ಕಳುವಾಗುತ್ತಿರಲಿಲ್ಲ, ರಸ್ತೆ ದಾಟಿ ಎದುರಿನ ಹೊಲಿಗೆಯಂಗಡಿಯ ಟೈಲರಕ್ಕನ ಕೈ ಸೇರುತ್ತಿತ್ತು. ಇನ್ನೊಂದು ಸಲ ಹೂ ಹೋದರೆ ತವರಿಗೆ ಹೊರಡುವುದಾಗಿ ಹೇಳಿಬಿಟ್ಟಿದ್ದಳು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕೇಳದೆ ಸಲಹೆ ಕೊಡುವವರು. ಅವರ ಸಲಹೆಯಿಂದ ಆ ಬೀದಿಯಲ್ಲಿ ಒಂದು ಬಾವಿ ಬತ್ತಿತ್ತು, ಎರಡು ಮದುವೆ ಮುರಿದಿದ್ದವು. ಉತ್ಸಾಹ ಮಾತ್ರ ಕುಂದಿರಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ನಿಲ್ಲಿಸಿಕೊಂಡು ಅವರು ಉಪಾಯ ಹೇಳಿದರು.

"ಬೇಲಿ ಮೇಲೆ ನಸುಗುನ್ನಿ ಬಳ್ಳಿ ಹಬ್ಬಿದೆಯಲ್ಲ, ಅದರ ನಾಲ್ಕು ಕಾಯಿ ಗಿಡಕ್ಕೆ ಕಟ್ಟಪ್ಪ. ಅದರ ರೋಮ ತಾಗಿದ್ರೆ ಆನೆನೂ ಕುಣಿಯುತ್ತೆ. ನಾಳೆ ಯಾರು ಕೆರ್ಕೊಳ್ತಾರೋ ಅವರೇ ಕಳ್ಳರು."

ನಸುಗುನ್ನಿಯನ್ನು ಬರಿಗೈಯಲ್ಲಿ ಮುಟ್ಟಬಾರದೆಂದು ಮಕ್ಕಳಿಗೂ ಗೊತ್ತು. ಕ್ಷೌರಿಕ ಜಾಣ. ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಯನ್ನೇ ಕೈಗೆ ಸುತ್ತಿಕೊಂಡು ಸಂಜೆ ಕಾಯಿ ಕಟ್ಟಿದ. ಒಂದು ರೋಮವೂ ತಾಗಲಿಲ್ಲ. ಬಟ್ಟೆಯನ್ನು ಎಂದಿನ ಮೊಳೆಗೆ ನೇತುಹಾಕಿ ನಿಶ್ಚಿಂತೆಯಿಂದ ಮಲಗಿದ.

ಬೆಳಿಗ್ಗೆ ಕಾಯಿ ಇದ್ದವು, ಹೂ ಇರಲಿಲ್ಲ. ಅವನಿಗೆ ಹಿಗ್ಗೋ ಹಿಗ್ಗು. ಇನ್ನು ಕೆರೆದುಕೊಳ್ಳುವವರು ಬರುವುದೊಂದೇ ಬಾಕಿ.

ಮೊದಲ ಗಿರಾಕಿ ಬಸ್ ಕಂಡಕ್ಟರ್. ಕ್ಷೌರಿಕ ಬಿಳಿ ಬಟ್ಟೆಯನ್ನು ಫಟಫಟನೆ ಕೊಡವಿ ಹೊದಿಸಿದ. ಅರ್ಧ ಗಡ್ಡ ಹೆರೆಯುವುದರೊಳಗೆ ಕಂಡಕ್ಟರ್ ಬಾಲಕ್ಕೆ ಬೆಂಕಿ ಹತ್ತಿದ ಕೋತಿಯ ಹಾಗೆ ನೆಗೆದ. ಬಟ್ಟೆ ಕುರ್ಚಿಗೆ ಸಿಕ್ಕಿ ಪರ್ರನೆ ಹರಿಯಿತು. ಉಳಿದರ್ಧ ಗಡ್ಡ ಹೊತ್ತು ಅವನು ಕತ್ತು ಕೆರೆಯುತ್ತ ಓಡಿದ. ಕಳ್ಳ ಸಿಕ್ಕನೆಂದು ಕೂಗಲು ಬಾಯಿ ತೆರೆದ ಕ್ಷೌರಿಕನಿಗೆ ತನ್ನ ತೋಳೇ ಚುರುಗುಟ್ಟಿತು. ನಿನ್ನೆಯ ರೋಮ ಎಲ್ಲೋ ಒಂದು ತಾಗಿರಬೇಕೆಂದುಕೊಂಡು, ಇದ್ದದ್ದೊಂದೇ ಬಟ್ಟೆಯಾದ್ದರಿಂದ ಹೊಲಿಸಲು ಟೈಲರಕ್ಕನಿಗೆ ಕೊಟ್ಟುಬಂದ.

ಮಧ್ಯಾಹ್ನ ಬುತ್ತಿ ತಂದ ಹೆಂಡತಿ ಹೊಸ್ತಿಲಲ್ಲೇ ನಿಂತಳು. ಈಚೆ ಗಂಡ ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕುತ್ತಿದ್ದ. ಆಚೆ ಟೈಲರಕ್ಕ ಮೊಳಕೋಲಿನಿಂದ ಬೆನ್ನು ಕೆರೆಯುತ್ತಿದ್ದಳು. ಇಬ್ಬರದೂ ಒಂದೇ ತಾಳ.

"ಕೊಟ್ಟೋರೂ ಕೆರ್ಕೊಳ್ತಿದ್ದಾರೆ, ತಗೊಂಡೋರೂ ಕೆರ್ಕೊಳ್ತಿದ್ದಾರೆ," ಎಂದಳು ತಣ್ಣಗೆ.

ಅವನು ತಡವರಿಸುತ್ತ ಬಟ್ಟೆಯ ಕತೆ ಹೇಳಿದ.

"ಓ, ಬಟ್ಟೆನೂ ಅವಳಿಗೇ ಕೊಟ್ರಾ?"

ಜನ ಸೇರಿತು. ಹಿತ್ತಲ ಕೆಲಸ ಬಿಟ್ಟು ಮೇಷ್ಟ್ರೂ ಬಂದರು. ಕಳ್ಳತನಕ್ಕಿಂತ ಸುಳ್ಳು ಕೆಟ್ಟದ್ದೆಂದು ನೆರೆದವರಿಗೆಲ್ಲ ಸಣ್ಣ ಪಾಠ ಮಾಡಿ, ತಮ್ಮೆರಡೂ ಅಂಗೈ ಚಾಚಿದರು. ಒಂದು ಗುಳ್ಳೆಯಿಲ್ಲ, ಕೆಂಪಿಲ್ಲ, ಬೆಣ್ಣೆಯಂಥ ಕೈ.

ಆಗ ಕ್ಷೌರಿಕನ ಕಣ್ಣು ಅವರ ಕೋಟಿನ ಜೇಬಿಗೆ ಬಿತ್ತು. ಅಲ್ಲಿಂದ ರಬ್ಬರ್ ಕೈಗವಸಿನ ಬೆರಳು ಇಣುಕುತ್ತಿತ್ತು. ಬೆರಳ ತುದಿಗೆ ಗುಲಾಬಿಯ ಎಸಳೊಂದು ಅಂಟಿಕೊಂಡಿತ್ತು. ಎಲ್ಲರಿಗೂ ತೋರಿಸಬೇಕೆಂದು ಅವನು ಕೈಯೆತ್ತಿದ. ಎತ್ತಿದ ಕೈ ಅವನ ಮಾತು ಕೇಳದೆ ನೇರ ಕತ್ತಿಗೆ ಹೋಯಿತು.

"ನೋಡಮ್ಮಾ," ಎಂದರು ಮೇಷ್ಟ್ರು ಎಸಳನ್ನು ಮೆಲ್ಲಗೆ ಒಳಗೆ ತಳ್ಳುತ್ತ, "ಮತ್ತೆ ಕೆರ್ಕೊಂಡ."

ಹೆಂಡತಿ ಬುತ್ತಿಯನ್ನು ಮೇಷ್ಟ್ರ ಕೈಗಿತ್ತು ಬಸ್ ನಿಲ್ದಾಣದ ಕಡೆ ನಡೆದಳು.