ನಲವತ್ತೊಂದು ಮಿಂಚುಗಳ ಹಸ್ತಾಂತರ

ನಮ್ಮ ಮಿಂಚು ಸಂಗ್ರಹಣಾ ಕಚೇರಿಯ ಉಗ್ರಾಣದಲ್ಲಿ ಕಳೆದ ತಿಂಗಳ ಕೊನೆಗೆ ನಲವತ್ತೊಂದು ಮಿಂಚುಗಳ ದಾಸ್ತಾನಿತ್ತು. ಇದು ದಾಖಲೆಯ ಮಾತು. ದಾಖಲೆಯನ್ನು ಉಗ್ರಾಣಪಾಲಕರೇ ಹನ್ನೊಂದು ವರ್ಷ ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ.

ಮಿಂಚು ಕ್ಷಣದಲ್ಲಿ ಮುಗಿಯುತ್ತದೆ, ಎಲ್ಲಿ ಹೊಡೆಯುತ್ತದೆಂದು ಹೇಳಲಾಗದು, ಅದರ ಶಕ್ತಿಯ ಬಹುಪಾಲು ಬಿಸಿಯಾಗಿ ಗಾಳಿಗೇ ಹೋಗುತ್ತದೆ, ಹೀಗಾಗಿ ಅದನ್ನು ಕೂಡಿಡಲಾಗದು ಎಂದು ವಿಜ್ಞಾನಿಯೊಬ್ಬರು ಆರಂಭದಲ್ಲೇ ವರದಿ ಕೊಟ್ಟಿದ್ದರು. ವರದಿಯನ್ನು ಕಡತಕ್ಕೂ, ಕಡತವನ್ನು ಕಪಾಟಿಗೂ ಸೇರಿಸಲಾಯಿತು. ಕಪಾಟಿನ ಬೀಗದ ಕೈ ಆಮೇಲೆ ಸಿಗಲಿಲ್ಲ.

ತಾರಸಿಯ ಮೇಲೆ ಕಂಬ, ಉಗ್ರಾಣದಲ್ಲಿ ಉಕ್ಕಿನ ತೊಟ್ಟಿ, ನಡುವೆ ತಂತಿ. ಕಿಟಕಿಯ ಗಾಜು ನಡುಗುವಷ್ಟು ಗುಡುಗಿದರೆ ಉಗ್ರಾಣಪಾಲಕರು 'ಮಿಂಚು ಒಂದು, ಸುಸ್ಥಿತಿಯಲ್ಲಿ ಸ್ವೀಕರಿಸಿದೆ' ಎಂದು ಬರೆಯಬೇಕು. ಕಚೇರಿ ವೇಳೆ ಮೀರಿ ಬಂದ ಮಿಂಚು ಲೆಕ್ಕಕ್ಕಿಲ್ಲ. ಮುಚ್ಚಳ ತೆರೆದರೆ ಮಿಂಚು ಹೊರಟುಹೋಗುವ ಸಂಭವವಿರುವುದರಿಂದ, ಏಳನೇ ನಿಯಮದಂತೆ ಯಾರೂ ತೆರೆಯಕೂಡದು. ವರ್ಷಕ್ಕೊಮ್ಮೆ ಬರುವ ತಪಾಸಣಾಧಿಕಾರಿಗಳು ತೊಟ್ಟಿಯನ್ನು ಬೆರಳಿನಿಂದ ತಟ್ಟಿ, ತಲೆಯಾಡಿಸಿ, ಸಹಿ ಹಾಕಿ ಹೋಗುತ್ತಿದ್ದರು.

ತೊಡಕಾದದ್ದು ಉಗ್ರಾಣಪಾಲಕರ ನಿವೃತ್ತಿಯಿಂದ. ಮೊಣಕಾಲು ನೋವಿನಲ್ಲಿ ಹೈರಾಣಾಗಿದ್ದ ಮನುಷ್ಯನಿಗೆ ಮನೆ ಸೇರಿದರೆ ಸಾಕಾಗಿತ್ತು. ಅವರ ಹೆಂಡತಿ ಒಂದು ಆರಾಮಕುರ್ಚಿ ತರಿಸಿ, ಅದರಲ್ಲಿ ಬೇರೆ ಯಾರೂ ಕೂರದಂತೆ ಕಾಯುತ್ತಿದ್ದರು. ಆದರೆ ದಾಸ್ತಾನು ವಹಿಸಿಕೊಡದೆ ಬಿಡುಗಡೆಯಿಲ್ಲ. ವಹಿಸಿಕೊಳ್ಳಲು ಬಂದ ಹೊಸ ಉಗ್ರಾಣಪಾಲಕಿ ಪಟ್ಟಿಯನ್ನು ಎರಡು ಸಲ ಓದಿದರು.

"ಎಣಿಸಿ ಕೊಡಿ ಸಾರ್."

"ಎಣಿಸ್ಬೇಕಾದ್ರೆ ಮುಚ್ಚಳ ತೆಗೀಬೇಕಮ್ಮ. ತೆಗೆದ್ರೆ ಹೋಗ್ಬಿಡುತ್ತೆ."

"ಹಾಗಾದ್ರೆ ನಾನು ಸಹಿ ಹಾಕಲ್ಲ. ನಾಳೆ ಒಂದು ಕಮ್ಮಿ ಬಂದ್ರೆ ನನ್ನ ತಲೆಗೆ ಬರುತ್ತೆ."

ಬೀಳ್ಕೊಡುಗೆ ಭಾಷಣ ಮುಗಿದು ಮೂರು ವಾರವಾದರೂ ಉಗ್ರಾಣಪಾಲಕರು ಉಗ್ರಾಣದ ತಮ್ಮ ಹಳೆಯ ಸ್ಟೂಲಿನ ಮೇಲೇ ಇದ್ದರು. ನನಗೆ ಅಯ್ಯೋ ಪಾಪ ಅನ್ನಿಸಿತು. ಆದರೆ ಅದಕ್ಕೆ ನಮ್ಮಲ್ಲಿ ನಮೂನೆಯಿಲ್ಲ.

ಒಂದು ಮಧ್ಯಾಹ್ನ ಮೂರೂವರೆಗೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ನಿಜವಾದ ಸಿಡಿಲೊಂದು ಕಂಬಕ್ಕೆ ಹೊಡೆಯಿತು. ತೊಟ್ಟಿ ಎರಡು ಹೋಳಾಯಿತು. ಒಳಗೆ ಧೂಳು ಬಿಟ್ಟರೆ ಏನೂ ಇರಲಿಲ್ಲ. ಉಗ್ರಾಣಪಾಲಕರಿಗೆ ಹೋದ ಜೀವ ಬಂದಂತಾಯಿತು. ಖಾಲಿ ಇದ್ದದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದೀರಿ, ಇನ್ನಾದರೂ ಬಿಟ್ಟುಬಿಡಿ ಎಂದು ನಿರ್ದೇಶಕರಿಗೆ ಕೈಮುಗಿದರು.

ನಿರ್ದೇಶಕರು ದಾಸ್ತಾನು ಪುಸ್ತಕ ತರಿಸಿದರು. ಉಗ್ರಾಣಪಾಲಕರು ನಿವೃತ್ತರು, ಹೊಸಬರು ಇನ್ನೂ ಅಧಿಕಾರ ವಹಿಸಿಕೊಂಡಿಲ್ಲ. ಹೀಗಾಗಿ ಆ ದಿನದ ಪುಟದಲ್ಲಿ ಯಾರೂ ಏನೂ ಬರೆದಿರಲಿಲ್ಲ. ಆದೇಶ ಸಂಜೆಯೇ ಹೊರಬಿತ್ತು: 'ಸ್ವೀಕೃತಿ ನಮೂದಾಗಿಲ್ಲದ ಕಾರಣ ಸದರಿ ದಿನ ಕಚೇರಿಗೆ ಯಾವ ಮಿಂಚೂ ಬಂದಿರುವುದಿಲ್ಲ. ಆದ್ದರಿಂದ ಸಿಬ್ಬಂದಿ ಕಂಡದ್ದು ದಾಸ್ತಾನಿನ ನಲವತ್ತೊಂದು ಮಿಂಚುಗಳು ಅನುಮತಿಯಿಲ್ಲದೆ ಹೊರಹೋದದ್ದನ್ನು. ಮಿಂಚನ್ನು ಕೂಡಿಡಬಹುದೆಂಬುದು ಇದರಿಂದ ಸಾಬೀತಾಗಿದ್ದು, ಇನ್ನೂ ಆರು ತೊಟ್ಟಿಗಳಿಗೆ ಮಂಜೂರಾತಿ ನೀಡಿದೆ. ಕೊರತೆಯನ್ನು ಮಾಜಿ ಉಗ್ರಾಣಪಾಲಕರು ತುಂಬಿಕೊಟ್ಟು ಬಿಡುಗಡೆ ಹೊಂದತಕ್ಕದ್ದು.'

ಈಗ ಉಗ್ರಾಣಪಾಲಕರು ತಾರಸಿಯ ಮೇಲಿರುತ್ತಾರೆ. ಹೆಂಡತಿ ಆರಾಮಕುರ್ಚಿಯನ್ನು ಅಲ್ಲಿಗೇ ಹೊರಿಸಿ ತಂದು, ಪಕ್ಕದಲ್ಲಿ ಛತ್ರಿ ಹಿಡಿದು ನಿಲ್ಲುತ್ತಾರೆ. ಮೊನ್ನೆ ಆಕಾಶ ಬಿರಿಯುವಂತೆ ಗುಡುಗಿತು. ಉಗ್ರಾಣಪಾಲಕರು ಪುಸ್ತಕದಲ್ಲಿ 'ಒಂದು' ಎಂದು ಬರೆದರು.

"ಐದೂವರೆ ಆಯ್ತು ಸಾರ್," ಎಂದರು ಹೊಸ ಉಗ್ರಾಣಪಾಲಕಿ, ಮೆಟ್ಟಿಲ ಬುಡದಿಂದ.

ಉಗ್ರಾಣಪಾಲಕರು ಬರೆದದ್ದನ್ನು ಹೊಡೆದುಹಾಕಿದರು.

"ನಾಳೆ ಬೇಗ ಬರಬಹುದು ಬಿಡಿ," ಎನ್ನುತ್ತ ಹೆಂಡತಿ ಸೆರಗಿನಿಂದ ಕುರ್ಚಿ ಒರೆಸಿದರು.