ಎಡಗೈ ಬೀಗತನ

ಯಾವ ಕೆಲಸ ಹೇಳಿದರೂ "ಅದೇನ ದೊಡ್ಡದು, ಎಡಗೈಲೆ ಮಾಡ್ತೀನಿ" ಎನ್ನುವುದು ನನ್ನ ಚಟ. ದೇವರು ಕೇಳಿಸಿಕೊಂಡಿರಬೇಕು. ಲಕ್ವಾ ಹೊಡೆದಾಗ ಸರಿಯಾಗಿ ಎಡಗೈಯನ್ನೇ ಹಿಡಿದ!

ಗಂಗಾವತಿಯ ಫಿಸಿಯೋಥೆರಪಿ ಡಾಕ್ಟರಮ್ಮ ವಿಚಿತ್ರ ಉಪಾಯ ಹೇಳಿದರು. ದಿನಾ ಕೆಲವು ತಾಸು ಗಟ್ಟಿ ಇರುವ ಬಲಗೈಗೆ ದಪ್ಪ ಗವಸು ಹಾಕಿ ಸುಮ್ಮನೆ ಕೂರಿಸಬೇಕಂತೆ. ಆಗ ಎಡಗೈ ಬೇರೆ ದಾರಿ ಕಾಣದೆ ದುಡಿಯಲು ಕಲಿಯುತ್ತದಂತೆ. ಆದರೆ ನನಗೆ ತಾಳ್ಮೆ ಎಲ್ಲಿದೆ? ಎಡಗೈ ಚಮಚ ಹಿಡಿಯುವಷ್ಟರಲ್ಲಿ ಉಪ್ಪಿಟ್ಟು ಆರಿಹೋಗುತ್ತಿತ್ತು. ಹಲ್ಲಿನಿಂದ ಗವಸು ಕಿತ್ತು ಬಲಗೈಯಲ್ಲೇ ತಿಂದು ಮುಗಿಸುತ್ತಿದ್ದೆ.

ಒಂದು ದಿನ ನನ್ನ ಹೆಂಡತಿ ಗಿರಿಜಾ ಇದನ್ನು ಕಂಡಳು. ಭತ್ತದ ಚೀಲ ಹೊಲಿಯುವ ದಬ್ಬಣ, ಸುತಳಿ ತಂದು ಗವಸನ್ನು ನನ್ನ ಅಂಗಿಯ ತೋಳಿಗೇ ಹೊಲಿದುಬಿಟ್ಟಳು!

"ಈಗ ಹೆಂಗ ಬಿಚ್ತೀರಿ ನೋಡೂಣು," ಎಂದಳು.

ಅವತ್ತೇ ಸಂಜೆ ಮಗಳು ಸುಮಾಳ ಸಂಬಂಧ ಪಕ್ಕಾ ಮಾಡಲು ಯಲಬುರ್ಗಾದ ಬೀಗರು ನವಲಿಯ ನಮ್ಮ ಮನೆಗೆ ಬರುವವರಿದ್ದರು. ನನಗೆ ಲಕ್ವಾ ಹೊಡೆದದ್ದನ್ನು ಅವರಿಗೆ ತಿಳಿಸಿರಲಿಲ್ಲ. ಗಿರಿಜಾ ಹೇಳೋಣವೆಂದಿದ್ದಳು. ಸಂಬಂಧ ಮುರಿದೀತೆಂಬ ಹೆದರಿಕೆಯಿಂದ ನಾನೇ ಬೇಡವೆಂದಿದ್ದೆ. ಸಂಜೆಯೊಳಗೆ ಹೊಲಿಗೆ ಕತ್ತರಿಸುವುದೆಂದು ಕರಾರಾಯಿತು. ಬೀಗರು ಮಧ್ಯಾಹ್ನವೇ ಬಂದರು!

ಗಿರಿಜಾ ಒಲೆಯ ಮುಂದೆ ಸಿಕ್ಕಿಬಿದ್ದಳು, ಹೊಲಿಗೆ ಹಾಗೇ ಉಳಿಯಿತು. ನಾನು ಬಲಗೈಗೆ ಟವೆಲ್ ಹೊದಿಸಿ ಪಡಸಾಲೆಯಲ್ಲಿ ಕೂತೆ. ಗವಸಿನೊಳಗೆ ಬೆವರು, ಕಡಿತ. ಕೂರಲಾರೆ, ಏಳಲಾರೆ. ಬೀಗರು ಬೆಳೆ ಬಗ್ಗೆ ಕೇಳಿದರೆ ನಾನು ಬಸ್ಸಿನ ಬಗ್ಗೆ ಉತ್ತರಿಸಿದೆ. ಕೊನೆಗೆ ಅವರು ಮಾತು ಪಕ್ಕಾ ಮಾಡೋಣವೆಂದು ಎಲೆ-ಅಡಿಕೆ ಚಾಚಿದರು. ತೆಗೆದುಕೊಳ್ಳದಿದ್ದರೆ ಸಂಬಂಧವಿಲ್ಲ. ಎಡಗೈಯಲ್ಲಿ ತೆಗೆದುಕೊಂಡರೆ ಅಪಮಾನ. ಬಂದದ್ದು ಬರಲಿ ಎಂದು ಎಡಗೈ ಚಾಚಿದೆ. ಅದು ಎಲೆ-ಅಡಿಕೆ ಸಮೇತ ಬೀಗರ ಬೆರಳುಗಳನ್ನೂ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ!

ನಾನು ಎಳೆದೆ. ಅವರೂ ಎಳೆದರು. ಟವೆಲ್ ಜಾರಿ, ಸುತಳಿ ಹೊಲಿಗೆಯ ಗವಸು ಸಭೆಗೆ ದರ್ಶನ ಕೊಟ್ಟಿತು. ಬಾಗಿಲಲ್ಲಿ ನಿಂತಿದ್ದ ಸುಮಾಳ ಮುಖ ಸಣ್ಣದಾಯಿತು. ಅದನ್ನು ಕಂಡು ಇದ್ದದ್ದನ್ನೆಲ್ಲ ಒದರಿಬಿಟ್ಟೆ.

ಬೀಗರು ಸಾವಕಾಶವಾಗಿ ಹೇಳಿದರು: "ಲಕ್ವಾ ಹೊಡದದ್ದು ನಮಗ ಮೊದಲ ಗೊತ್ತೈತ್ರಿ, ನಿಮ್ಮೂರ ಮಂದಿ ಹೇಳ್ಯಾರ. ನೀವ ಹೇಳ್ತೀರೇನು ಅಂತ ದಾರಿ ನೋಡಾಕತ್ತಿದ್ವಿ. ಇರಲಿ, ಕೈ ಹಿಡಿದ್ರ ಬಿಡೂ ಮಂದಿ ಅಲ್ಲ ನೀವು. ಸಂಬಂಧ ಆತು. ಈಗ ಬೆರಳು ಬಿಡ್ರಿ."

ಗಿರಿಜಾ ಒಳಗಿನಿಂದ ಬಂದು ಒಂದೊಂದೇ ಬೆರಳು ಎತ್ತಿ ಬೀಗರನ್ನು ಬಿಡುಗಡೆ ಮಾಡಿದಳು.

ಮರುದಿನ ಡಾಕ್ಟರಮ್ಮನ ಮುಂದೆ ಜಂಬದಿಂದ ಕೂತೆ. ಹಿಡಿತ ಚೆನ್ನಾಗಿ ಬಂದಿದೆ, ಇನ್ನು ಬಿಡುವುದನ್ನು ಕಲಿಯಬೇಕು ಎಂದರು ಅವರು.

"ಅದೇನ ದೊಡ್ಡದು," ಎಂದು ಅವರ ಪೆನ್ನನ್ನೇ ಎಡಗೈಯಲ್ಲಿ ಹಿಡಿದು ತೋರಿಸಿದೆ.

ಪೆನ್ನು ನನ್ನ ಜೊತೆಗೇ ನವಲಿ ಬಸ್ಸು ಹತ್ತಿತು.