ಇಬ್ಬರ ಹೆಸರಲ್ಲೂ ಅರ್ಚನೆ

ಚೆಸ್ ಕಲಿಸುವವನು ನಗೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಬಸ್ಸಿಳಿದ ಊರಲ್ಲೆಲ್ಲ ಅವು ಕಾದಿರುತ್ತವೆ. ಸಾಗರ, ತೀರ್ಥಹಳ್ಳಿ, ಹೊಸನಗರ, ಮೂರೂ ಕಡೆ ನನ್ನ ತರಗತಿಗಳಿವೆ. ಮಹಿಳೆಯರ ವಿಶ್ವಕಪ್ ಚೆಸ್ ಫೈನಲ್‌ನಲ್ಲಿ ಎದುರುಬದುರು ಕೂತ ಇಬ್ಬರೂ ನಮ್ಮ ದೇಶದವರೇ ಆದ ಆ ವಾರವಂತೂ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜೊತೆಗೆ ಒಂದು ಚಿಂತೆಯೂ ಇತ್ತು. ಹೊಸನಗರದಲ್ಲಿ ನನ್ನ ಅತಿ ಜಾಣ ಶಿಷ್ಯೆಯ ಅಜ್ಜಿ, "ಈ ತಿಂಗ್ಳಿಗೆ ಸಾಕ್ ಮಾಡಿ ಮೇಷ್ಟ್ರೆ. ಹುಡ್ಗಿ ಗಂಟೆಗಟ್ಲೆ ಕಲ್ಲಿನ್ ತರ ಕೂತ್ಕಂಡ್ರೆ ಮನೆ ಕೆಲ್ಸ ಯಾರ್ ಮಾಡ್ತಾರೆ?" ಎಂದುಬಿಟ್ಟಿದ್ದರು.

ಸಾಗರದ ಹೋಟೆಲ್

ಮೊದಲ ಆಟದ ಸಂಜೆ ಸಾಗರದಲ್ಲಿದ್ದೆ. ಹೋಟೆಲ್ ಯಜಮಾನರನ್ನು ಕಾಡಿ ಬೇಡಿ, ಟಿವಿಯಲ್ಲಿ ಕ್ರಿಕೆಟ್ ತೆಗೆಸಿ ಚೆಸ್ ಹಾಕಿಸಿದೆ. ಇಬ್ಬರಲ್ಲಿ ಹಿರಿಯ ಆಟಗಾರ್ತಿ ತಲೆಗೆ ಕೈ ಕೊಟ್ಟು ಯೋಚನೆಗೆ ಕೂತರು. ಎಷ್ಟು ಹೊತ್ತಾದರೂ ಕದಲಲಿಲ್ಲ. ಯಜಮಾನರು ಮೆಲ್ಲಗೆ ಎದ್ದು ಹೋಗಿ ವೈಫೈ ಡಬ್ಬಿಯನ್ನು ಆಫ್ ಮಾಡಿ ಆನ್ ಮಾಡಿದರು.

"ಅಯ್ಯೋ, ಯಾಕ್ರೀ?" ಎಂದು ಕೂಗಿಕೊಂಡೆ.

"ಚಿತ್ರ ನಿಂತೋಗಿತ್ತಲ್ಲ ಸಾರ್."

ಟಿವಿ ಮರಳಿ ಬರುವಷ್ಟರಲ್ಲಿ ಆಟಗಾರ್ತಿಯ ನಡೆ ಮುಗಿದಿತ್ತು. "ನೋಡಿದ್ರಾ, ನಾನ್ ಸರಿ ಮಾಡಿದ್ಮೇಲೇ ಅವ್ರು ಕಾಯಿ ಎತ್ತಿದ್ದು," ಎಂದರು ಯಜಮಾನರು. ಆಟ ಡ್ರಾ ಆಯಿತು.

ತೀರ್ಥಹಳ್ಳಿಯ ಫ್ಲೆಕ್ಸ್

ಮರುದಿನ ತೀರ್ಥಹಳ್ಳಿ. ಅಲ್ಲಿನ ಯುವಕ ಸಂಘದ ಅಧ್ಯಕ್ಷರು ಫೈನಲ್ ಮುಗಿಯುವ ಮೊದಲೇ ಅಭಿನಂದನೆಯ ಫ್ಲೆಕ್ಸ್ ಮಾಡಿಸಲು ನನ್ನನ್ನೂ ಎಳೆದುಕೊಂಡು ಹೋದರು.

"ಸೋತ್ರೆ ಏನ್ ಮಾಡ್ತೀರಿ?" ಎಂದರು ಅಂಗಡಿಯವರು.

"ಸೋಲೋರೂ ನಮ್ಮೋರೇ ಕಣ್ರೀ! ಪ್ರಿಂಟ್ ಹಾಕಿ."

ನನ್ನ ಎದೆ ಉಬ್ಬಿತು. ಇಂಥ ಧೈರ್ಯ ನಮಗೆ ಯಾವ ಕ್ರಿಕೆಟ್ ಫೈನಲ್‌ಗೂ ಬಂದದ್ದಿಲ್ಲ. ಸಂಜೆ ಫ್ಲೆಕ್ಸ್ ಏರಿತು. ಅದರಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ದೊಡ್ಡದಾಗಿ ಕೈಮುಗಿದು ನಿಂತಿದ್ದರು. ಆಟಗಾರ್ತಿಯರು ಖಜಾಂಚಿಯ ಮೊಣಕೈ ಕೆಳಗೆ ಎಲ್ಲೋ ಇದ್ದರು. ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಬಂದು, ಫ್ಲೆಕ್ಸ್ ಕೆಳಗೆ ನಿಂತಿದ್ದ ಖಜಾಂಚಿಯ ಕೈ ಕುಲುಕಿ, "ನೀವ್ ಚೆಸ್ ಆಡ್ತೀರಿ ಅಂತ ಗೊತ್ತೇ ಇರ್ಲಿಲ್ಲ!" ಎಂದರು. ಎರಡನೆಯ ಆಟವೂ ಡ್ರಾ.

ಹೊಸನಗರದ ಅಜ್ಜಿ

ಇನ್ನುಳಿದದ್ದು ಟೈಬ್ರೇಕ್, ಬೇಗಬೇಗ ಆಡಿ ಮುಗಿಸುವ ಆಟ. ಅದನ್ನು ತೋರಿಸಿದರೆ ಅಜ್ಜಿಯ ಮನಸ್ಸು ತಿರುಗೀತೆಂದು ಶಿಷ್ಯೆಯ ಮನೆಗೇ ಹೋದೆ. ಅವಳು ಬಾಗಿಲಲ್ಲೇ ಸಿಡುಕಿದಳು: "ಸಾರ್, ಎರಡೂ ಡ್ರಾ ಆಗಿದ್ದು ಅಜ್ಜಿಯಿಂದ!"

ಫೈನಲ್‌ಗೆ ಮುಂಚೆ ಸಿಗಂದೂರು ದೇವಿಯ ಗುಡಿಗೆ ಹೋಗಿದ್ದ ಅಜ್ಜಿ, ಮೊಮ್ಮಗಳ ಬಾಯಲ್ಲಿ ಸದಾ ಕೇಳುತ್ತಿದ್ದ ಆ ಇಬ್ಬರು ಆಟಗಾರ್ತಿಯರ ಹೆಸರಲ್ಲೂ ಅರ್ಚನೆ ಮಾಡಿಸಿ ಬಂದಿದ್ದರಂತೆ.

"ಇಬ್ರೂ ನಮ್ ಹೆಣ್ಮಕ್ಳೇ ಅಲ್ವಾ ಮೇಷ್ಟ್ರೆ? ಒಬ್ಳನ್ನ ಹೆಂಗ್ ಬಿಡೋದು?"

ಫೋನಿನ ಸುತ್ತ ಕೂತೆವು. ಅಜ್ಜಿ ಹಿರಿಯ ಆಟಗಾರ್ತಿಯನ್ನು ತೋರಿಸಿ, "ಇವ್ಳಿಗೆ ಮದ್ವೆ ಆಗಿದ್ಯಾ?" ಎಂದರು.

"ಮಗಳೂ ಇದಾಳೆ ಅಜ್ಜಿ," ಎಂದೆ.

"ಮತ್ತೆ ಮನೆ ಕೆಲ್ಸ?"

"ಮನೇಲಿರೋರು ಯಾರಾದ್ರೂ ಮಾಡ್ತಿರ್ತಾರೆ."

ಅಜ್ಜಿ ತಿರುಗಿ, ಗೋಡೆಗೊರಗಿ ಕಾಫಿಗೆ ಕಾಯುತ್ತಿದ್ದ ತಮ್ಮ ಮಗನನ್ನು, ಅಂದರೆ ಶಿಷ್ಯೆಯ ಅಪ್ಪನನ್ನು, ದುರುಗುಟ್ಟಿ ನೋಡಿದರು.

ಕಿರಿಯಳು ಗೆದ್ದಳು. ಅಲ್ಲಿ ಅವಳು ಅಮ್ಮನನ್ನು ತಬ್ಬಿಕೊಂಡು ಅತ್ತಳು. ಇಲ್ಲಿ ಅಜ್ಜಿ ಮೊಮ್ಮಗಳನ್ನು ತಬ್ಬಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಹೆಮ್ಮೆಯಿಂದ ಚಪ್ಪಾಳೆ ತಟ್ಟಿದೆ. ತರಗತಿಯ ವಿಷಯ ಎತ್ತದೆಯೇ ಬಸ್ಸು ಹಿಡಿದೆ.

ಮುಂದಿನ ವಾರ ಅಳುಕುತ್ತಲೇ ಹೋದೆ. ಅಜ್ಜಿ ಜಗಲಿಯಲ್ಲೇ ತುಟಿಗೆ ಬೆರಳಿಟ್ಟು, "ಮೆಲ್ಲಗೆ ಬನ್ನಿ ಮೇಷ್ಟ್ರೆ. ಹುಡ್ಗಿ ಯೋಚ್ನೆ ಮಾಡ್ತಾ ಇದಾಳೆ," ಎಂದರು. ಒಳಗೆ ಶಿಷ್ಯೆ ಚೆಸ್ ಬೋರ್ಡಿನ ಮುಂದೆ ಮಹಾರಾಣಿಯಂತೆ ಕೂತಿದ್ದಳು. ಅಡುಗೆಮನೆಯಿಂದ ಅವಳಪ್ಪ ಸೌಟು ಹಿಡಿದು, ಬೆವರೊರೆಸಿಕೊಳ್ಳುತ್ತ ಬಂದವರು ನನ್ನ ಕಿವಿಯಲ್ಲಿ ಅಂಗಲಾಚಿದರು:

"ಮೇಷ್ಟ್ರೆ, ಈ ಗಂಟೆಗಟ್ಲೆ ಆಟ ಬ್ಯಾಡ. ಆ ಟೈಬ್ರೇಕ್ ಒಂದನ್ನೇ ಕಲ್ಸಿ!"